ಕೊನೆಯ ಇನ್ನೂರು ಮೀಟರಿನ ನೌಕರಿ

ಸೈಕಲ್ ತುಳಿಯುವುದೇ ನನ್ನ ನೌಕರಿ ಎಂದು ಬಾಯಿಬಿಟ್ಟು ಹೇಳಿದ ದಿನದಿಂದ ನಮ್ಮ ಕಡೆ ಏನಾದರೊಂದು ಆಗುತ್ತಲೇ ಇದೆ. ನಾನು ಬೇಡವೆಂದರೂ ಆಗುತ್ತದೆ.

ಒಂದು ಜಾಗದಲ್ಲಿ ಕೂಡಲಾರದ್ದಕ್ಕೇ ಏಳನೇ ಇಯತ್ತೆಗೆ ಸಾಲಿ ಬಿಟ್ಟವ ನಾನು. ಸೈಕಲ್ಲಿಗೆ ಹಾಲಿನ ಕ್ಯಾನು ಕಟ್ಟಿಕೊಂಡು ಊರೂರು ತಿರುಗಿದೆ. ತಿರುಗುತ್ತ ತಿರುಗುತ್ತ ಪುಣೆಯ ಒಂದು ಸೈಕಲ್ ರೇಸಿನ ತಂಡ ಸೇರಿ ಸ್ಪ್ರಿಂಟರ್ ಆದೆ. ಈ ವರ್ಷ ಮ್ಯಾನೇಜರು ಕರೆದು ಬಿರುಸಾಗಿಯೇ ಹೇಳಿದ: ಬಹಳ ದಿನ ಆಯ್ತು ನೀನು ಗೆದ್ದು, ಈ ಹಂಗಾಮಿನಲ್ಲಿ ಒಂದಾದರೂ ರೇಸು ಗೆಲ್ಲು, ಇಲ್ಲದಿದ್ದರೆ ಸೈಕಲ್ ಇಟ್ಟು ಮನೆಗೆ ಹೋಗು. ಮನೆಗೆ ಹೋಗುವುದೆಂದರೆ ಆಳಂದದಲ್ಲಿ ನಮ್ಮ ಕಾಕಾನ ಗೊಬ್ಬರದ ಅಂಗಡಿಯಲ್ಲಿ ಮುಂಜಾನೆಯಿಂದ ಸಂಜೆತನಕ ಕೂಡುವುದು. ಕೂಡುವುದು ಅಂದರೆ ನನಗೆ ಜೇಲು.

ಕಾಕಾನ ತೀರ್ಮಾನ

ಸ್ಪ್ರಿಂಟರ್ ಅಂದರೆ ಏನು ಕೆಲಸ ಎಂದು ಕಾಕಾ ಒಮ್ಮೆ ಅಂಗಡಿಯಲ್ಲಿ ನಾಲ್ಕು ಜನರ ಮುಂದೆ ಕೇಳಿದರು. ನಾನು ಸಮಾಧಾನದಿಂದ ಬಿಡಿಸಿ ಹೇಳಿದೆ. ದಿನವಿಡೀ ನಮ್ಮ ತಂಡದವರು ಮುಂದೆ ಗಾಳಿಗೆ ಎದೆ ಕೊಟ್ಟು ತುಳಿಯುತ್ತಾರೆ. ನಾನು ಅವರ ಬೆನ್ನ ಹಿಂದೆ ಅಡಗಿಕೊಂಡು ಕಾಲಿನ ಕಸುವು ಉಳಿಸಿಕೊಳ್ಳುತ್ತೇನೆ. ಕೊನೆಯ ಇನ್ನೂರು ಮೀಟರ್ ಬಂತೆಂದರೆ ಎಲ್ಲರನ್ನೂ ದಾಟಿ ಹೋಗಿ ಗೆಲ್ಲುತ್ತೇನೆ.

ಕಾಕಾ ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿದರು.

"ಅಂದ್ರ ದುಡಿಯೋರು ಅವರು, ಹೆಸರು ತಗೊಳ್ಳಾಂವ ನೀನು."

"ಹಂಗಲ್ಲರಿ ಕಾಕಾ, ಅದು ಆಟದ ಪದ್ಧತಿ ಅದ."

"ಗೊತ್ತದ ಬಿಡಲೇ. ನಮ್ಮಲ್ಲೂ ಅದಾರ ಇಂಥವರು. ಐದು ವರ್ಷಕ್ಕೊಮ್ಮೆ ನಾವೇ ಓಟು ಹಾಕಿ ಕಳಸ್ತೇವಿ."

ಕಾಲು ಬೋಳಿಸಿದ್ದು

ನಮ್ಮ ಕಸುಬಿನಲ್ಲಿ ಕಾಲಿನ ಕೂದಲು ತೆಗೆಯಬೇಕಾಗುತ್ತದೆ. ಬಿದ್ದು ಕಾಲು ತರಚಿದಾಗ ಗಾಯ ತೊಳೆಯುವುದು, ಪಟ್ಟಿ ಬಿಚ್ಚುವುದು ಸಲೀಸು. ಪುಣೆಯಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ಒಮ್ಮೆ ರಜೆಗೆ ಬಂದವನು ಅಫಜಲಪುರದ ಒಂದು ಕಟಿಂಗ್ ಅಂಗಡಿಗೆ ಹೋಗಿ ಕುಂತೆ. ದಾಡಿಯೋ ಕಟಿಂಗೋ ಎಂದು ಅಂಗಡಿಯವ ಕೇಳಿದ. ಕಾಲು ಚಾಚಿದೆ.

ಎಡಗಾಲು ಮುಗಿಯುವಷ್ಟರಲ್ಲಿ ಬಾಗಿಲಲ್ಲಿ ಜನ ಸೇರಿದ್ದರು. ಸಂತೆಗೆ ಬಂದಿದ್ದ ಒಬ್ಬ ಮುದುಕಿ ಬುಟ್ಟಿ ಇಳಿಸಿ, ಎಲ್ಲರನ್ನೂ ಸರಿಸಿ ಒಳಗೆ ಬಂದಳು.

"ತಲಿಗೂದಲ ಕೊಡೋದು ಕೇಳೀನಿ ಯಪ್ಪಾ. ಕಾಲಿಂದು ಯಾವ ದೇವರಿಗೆ?"

ಇದು ಹರಕೆ ಅಲ್ಲಬೇ ಯವ್ವಾ, ಗಾಯ, ಪಟ್ಟಿ, ಸೈಕಲ್ ಎಂದು ನಾನು ಹೇಳುತ್ತಲೇ ಇದ್ದೆ. ಆಕೆ ಕೇಳಿಸಿಕೊಳ್ಳದೆ ನನ್ನ ಬೋಳು ಕಾಲನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡು ಹೋದಳು.

ಮುಂದಿನ ಸಲ ಅದೇ ಅಂಗಡಿಗೆ ಹೋದಾಗ ಇಬ್ಬರು ಹಿರಿಯರು ಧೋತರ ಎತ್ತಿ, ಕಾಲು ಚಾಚಿ ಪಾಳಿಗೆ ಕುಂತಿದ್ದರು. ಒಬ್ಬರಿಗೆ ಮೊಣಕಾಲು ಬೇನೆ, ಇನ್ನೊಬ್ಬರ ಮಗಳಿಗೆ ಲಗ್ನ ಕೂಡಿಬಂದಿರಲಿಲ್ಲ.

ಕಬ್ಬಿನ ಲಾರಿ

ವೇಗ ಸಾಧಿಸಲು ಲಾರಿಯ ಬೆನ್ನು ಹಿಡಿಯುವುದು ನನ್ನ ರೂಢಿ. ಗಾಳಿ ಲಾರಿಗೆ ಹೊಡೆಯುತ್ತದೆ, ನಾನು ಅದರ ಮರೆಯಲ್ಲಿ ಹಾರುತ್ತೇನೆ. ಕರಜಗಿ ರಸ್ತೆಯಲ್ಲಿ ಒಂದು ಕಬ್ಬಿನ ಲಾರಿ ಸಿಕ್ಕಿತು. ಹಿಂದೆ ಅಂಟಿಕೊಂಡೆ. ಅಂಥ ಲಾರಿಯ ಹಿಂದೆ ಓಡಿ ಕಬ್ಬು ಜಗ್ಗುವುದು ಅಲ್ಲಿ ಸಣ್ಣವರು ದೊಡ್ಡವರು ಎಲ್ಲರ ಚಟ ಎಂಬುದು ನನಗೆ ನೆನಪಾಗಲಿಲ್ಲ. ಡ್ರೈವರ್ ಕನ್ನಡಿಯಲ್ಲಿ ನನ್ನನ್ನು ನೋಡಿ, ಲಾರಿ ಬದಿಗೆ ಹಾಕಿ ಇಳಿದು ಬಂದ.

"ಇಷ್ಟು ದುಬಾರಿ ಸೈಕಲ್ ಇಟ್ಟಿ, ಕಬ್ಬು ಕದೀತಿ?"

ಕಬ್ಬು ಬೇಡ, ನಿನ್ನ ಲಾರಿಯ ಹಿಂದಿನ ಗಾಳಿ ಸಾಕು ಎಂದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. ಬಿಗಿ ಚಡ್ಡಿ, ಬೋಳು ಕಾಲು. ಮುಖ ಮೆತ್ತಗಾಯಿತು. ಹಸಿವೆಗೆ ತಲೆ ಕೆಟ್ಟಿರಬೇಕು ಎಂದುಕೊಂಡನೋ ಏನೋ, ತಾನೇ ಒಂದು ಜಲ್ಲೆ ಮುರಿದು ಕೈಗಿಟ್ಟ. ಸಾಲದ್ದಕ್ಕೆ ಬೇರೆ ಡ್ರೈವರುಗಳಿಗೂ ಫೋನು ಮಾಡಿ ಹೇಳಿದ. ಈಗ ಆ ರಸ್ತೆಯಲ್ಲಿ ನಾನು ಯಾವ ಲಾರಿಯ ಹಿಂದೆ ಹೋದರೂ ಗಾಳಿ ತಪ್ಪುತ್ತದೆ, ಕಬ್ಬು ತಪ್ಪುವುದಿಲ್ಲ. ಓಡುವ ಲಾರಿಯಿಂದಲೇ ಎಸೆಯುತ್ತಾರೆ.

ಕಮಾನು

ಹಂಗಾಮು ಮುಗಿಯುತ್ತ ಬಂದರೂ ನಾನು ಒಂದೂ ಗೆದ್ದಿರಲಿಲ್ಲ. ಉಳಿದದ್ದು ಒಂದೇ ರೇಸು, ಅದೂ ನಮ್ಮ ಕಡೆಯೇ. ಜೇವರ್ಗಿಯಲ್ಲಿ ಹೊರಟು ಅಫಜಲಪುರ ಹಾದು ಆಳಂದದಲ್ಲಿ ಮುಗಿಯುವುದು. ಅಂದು ಸೋತರೆ ಮರುದಿನದಿಂದ ಗೊಬ್ಬರದ ಅಂಗಡಿ.

ನಾನು ಎಂದಿನಂತೆ ಗುಂಪಿನ ನಡುವೆ ಅಡಗಿಕೊಂಡು ಹೊರಟೆ. ಅಫಜಲಪುರದ ರಸ್ತೆ ಬದಿಯಲ್ಲಿ ನಮ್ಮ ಸೋದರತ್ತೆ ನಿಂತು ನೋಡಿದವಳು ಕಾಕಾಗೆ ಫೋನು ಹಚ್ಚಿ ಅತ್ತಳಂತೆ: ನಮ್ಮ ಹುಡುಗ ಎಲ್ಲಾರ ಹಿಂದ ಅದಾನ, ಮಾರಿ ಬಾಡೇದ, ಯಾರೂ ಮುಂದ ಬಿಡವಲ್ಲರು.

ಆಳಂದ ಹತ್ತಿರವಾಯಿತು. ನಮ್ಮವರು ವೇಗ ಏರಿಸಿದರು. ಆ ವರ್ಷ ಎಲ್ಲ ಕಡೆ ಗೆದ್ದಿದ್ದ ಪಂಜಾಬಿನ ಹುಡುಗ ನನ್ನ ಮುಂದೆಯೇ ಇದ್ದ. ಊರ ಬಾಯಿಗೆ ಬರುತ್ತಲೇ ಎದುರಿಗೆ ದೊಡ್ಡ ಕಮಾನು ಕಂಡಿತು. ಬಾಳೆಕಂಬ, ಚೆಂಡುಹೂವಿನ ಸರ, ಎರಡೂ ಕಡೆ ಜನ, ಹಲಗೆ ವಾದ್ಯದವರ ಬಡಿತ. ಬಿಸಿಲಲ್ಲಿ ಬೆಂದ ಕಣ್ಣಿಗೆ ಅದೇ ಗುರಿಯ ಗೆರೆ ಅನಿಸಿತು. ಪಂಜಾಬಿನ ಹುಡುಗ ಪ್ರಾಣದ ಹಂಗು ಬಿಟ್ಟು ತುಳಿದು, ಕಮಾನು ದಾಟಿ ಎರಡೂ ಕೈ ಮೇಲೆತ್ತಿದ. ಉಳಿದವರೂ ಮುಗಿಯಿತೆಂದು ಕಾಲು ಸಡಿಲಿಸಿದರು.

ನಾನೂ ಬ್ರೇಕ್ ಹಿಡಿಯುವವನೇ ಇದ್ದೆ. ಅಷ್ಟರಲ್ಲಿ ಕಮಾನಿನ ಪಕ್ಕ ಕಾಕಾ ಕಂಡರು. ಕೈಯಲ್ಲಿ ಹಾರ. ಅವರ ಹಿಂದೆ ಶಾಲು, ಪೇಟ, ಹಣ್ಣಿನ ಬುಟ್ಟಿ ಹಿಡಿದ ಬಳಗ. ಒಬ್ಬರ ಕೈಯಲ್ಲಿ ಮೈಕು. ಇದು ಗುರಿಯಲ್ಲ, ಸನ್ಮಾನ ಎಂದು ತಿಳಿಯಿತು. ಕೈಗೆ ಸಿಕ್ಕರೆ ಭಾಷಣ ಮುಗಿಯುವತನಕ ಬಿಡುವವರಲ್ಲ. ಆ ಹೆದರಿಕೆಗೆ ತುಳಿದಂತೆ ನಾನು ಜನ್ಮದಲ್ಲಿ ತುಳಿದಿಲ್ಲ. ಕಾಕಾ ಹಾರ ಹಿಡಿದು ನಿಂದ್ರಲೇ, ನಿಂದ್ರಲೇ ಎನ್ನುತ್ತ ಸ್ವಲ್ಪ ದೂರ ಬೆನ್ನು ಹತ್ತಿದರು. ನಿಜವಾದ ಗೆರೆ ಇನ್ನೂರು ಮೀಟರ್ ಮುಂದಿತ್ತು. ಒಬ್ಬನೇ ದಾಟಿದೆ.

ಬೇರೆ ತಂಡದವರು ಜಗಳ ತೆಗೆದರು. ಗೆರೆ ಎಲ್ಲಿದೆಯೋ ಅಲ್ಲೇ ರೇಸು ಮುಗಿಯುವುದು ಎಂದು ರೇಸಿನ ನಿರ್ಣಾಯಕರು ಹೇಳಿ ಕೈತೊಳೆದುಕೊಂಡರು. ನೌಕರಿ ಉಳಿಯಿತು. ಅಷ್ಟರಲ್ಲಿ ಕಾಕಾ ಏದುಸಿರು ಬಿಡುತ್ತ ಬಂದರು. ಕೈ ಖಾಲಿ.

"ನೀ ಸೋತ ಮ್ಯಾಲ ಹಾರ ಹಾಕಿದ್ರ ಮಂದಿ ನಗ್ತಾರ. ಅದಕ್ಕ ಸೋಲೋಕಿಂತ ಮೊದಲೇ ಹಾಕಿಬಿಡೂಣಂತ ನಿಂತಿದ್ದೆ. ಊರ ಮಂದಿ ಮುಂದ ನನ್ನ ಮರ್ಯಾದಿ ತಗದಿ."

"ಹಾರ ಎಲ್ಲಿ ಅದರಿ ಕಾಕಾ?"

"ಆ ಪಂಜಾಬಿ ಹುಡುಗಗ ಹಾಕಿದ್ವಿ. ನಿನಕಿಂತ ಛಲೋ ಅದಾನ. ಇನ್ನೂ ಪೇಟ ಸುತ್ತಿಸ್ಕೊಂಡು ಭಾಷಣ ಕೇಳಾಕತ್ತಾನ."

ನಮ್ಮ ಮ್ಯಾನೇಜರು ಇದನ್ನೆಲ್ಲ ಪಕ್ಕದಲ್ಲೇ ನಿಂತು ಕೇಳಿದ. ನನ್ನನ್ನು ಅಭಿನಂದಿಸುವುದು ಬಿಟ್ಟು, ಕಾಕಾಗೆ ಎರಡೂ ಕೈ ಮುಗಿದು, ಮುಂದಿನ ಹಂಗಾಮಿನ ಮೊದಲ ರೇಸು ನಾಸಿಕದಲ್ಲಿದೆ, ತಾವು ಬಂದು ಹೀಗೇ ಒಂದು ಕಮಾನು ಕಟ್ಟಿಸಿಕೊಡಬೇಕು ಎಂದು ಕೇಳಿಕೊಂಡ.

ಕಾಕಾ ಗಂಭೀರವಾಗಿ ಯೋಚಿಸಿದರು.

"ಬರೋದೇನು ದೊಡ್ಡದಲ್ಲರಿ. ಹಲಗಿಯವರು ಅಲ್ಲೇ ಸಿಗ್ತಾರೋ, ಇಲ್ಲಿಂದೇ ಕರ್ಕೊಂಡು ಬರಬೇಕೋ?"