ಮಳೆಯಿಂದ ಒಂದು ಚೆಂಬು ಕಳೆದರೆ

ಲೆಕ್ಕದ ಕೆಲಸದಲ್ಲಿ ನಗು ಎಲ್ಲಿಂದ ಬರಬೇಕು ಅನ್ನುತ್ತಾರೆ. ನನಗೆ ವಾರಕ್ಕೊಂದು ಸಿಗುತ್ತಿತ್ತು. ಇಲ್ಲಿ ಜಬಲ್‌ಪುರದಲ್ಲಿ ಮೊಮ್ಮಗಳು ತಾನೇ ಕಟ್ಟಿದ ಸೂತ್ರವನ್ನು ಕಂಪ್ಯೂಟರಿಗೆ ಕೊಟ್ಟು ಕ್ಷಣದಲ್ಲಿ ಗ್ರಾಫ್ ತೆಗೆಯುತ್ತಾಳೆ. ಅರವತ್ತರ ದಶಕದ ಕೊನೆಯಲ್ಲಿ, ಹುಣಸೂರಿನ ಹತ್ತಿರದ ಒಂದು ಹೊಗೆಸೊಪ್ಪಿನ ಪ್ರಯೋಗದ ತೋಟದಲ್ಲಿ ಆ ಕಂಪ್ಯೂಟರ್ ನಾನೇ. ಕೆಲಸ ಆರು ತಿಂಗಳಿಗೆ ಮಾತ್ರ. ಮೈಸೂರಿನಿಂದ ಬರುವ ದೊಡ್ಡ ಸಾಹೇಬರು ನನ್ನ ಗ್ರಾಫ್ ಒಪ್ಪಿದರೆ ಉಳಿಯುತ್ತೇನೆ, ಇಲ್ಲದಿದ್ದರೆ ಮನೆಗೆ.

೧. ಕೈಗೆ ಗೊತ್ತು

ಎಲೆಯ ಉದ್ದ, ಅಗಲ ಗುಣಿಸಿ, ತುದಿ ಚೂಪಾದ್ದರಿಂದ ಸ್ವಲ್ಪ ಕಳೆದು ವಿಸ್ತೀರ್ಣ ತೆಗೆಯುವ ಸೂತ್ರ ನನ್ನದು. ಅಳತೆ ತರುವ ಆಳು ಮಾತ್ರ ಗಿಡದ ಅತಿ ದೊಡ್ಡ ಎಲೆಯನ್ನೇ ಅಳೆಯುತ್ತಿದ್ದ. ಸಣ್ಣದನ್ನು ತೋರಿಸಿದರೆ ತೋಟದ ಮಾನ ಹೋಗುತ್ತದಂತೆ. ಕಣ್ಣು ಮುಚ್ಚಿಕೊಂಡು ಸಿಕ್ಕಿದ್ದನ್ನು ಹಿಡಿ ಎಂದೆ. ಮರುದಿನ ಅಳತೆ ಇನ್ನೂ ಹೆಚ್ಚಿತು.

"ಕಣ್ ಮುಚ್ಚಿದ್ರೇನವ್ವಾ, ಕೈಗೆ ಗೊತ್ತಾಗಕಿಲ್ವಾ?" ಅಂದ.

೨. ನಾಲ್ಕಿಂಚು

ಒಂದು ವಾರ ಎಲೆಗಳೆಲ್ಲ ಒಮ್ಮೆಗೇ ನಾಲ್ಕಿಂಚು ಬೆಳೆದು, ನನ್ನ ಗ್ರಾಫಿನ ಚುಕ್ಕಿ ಸಾಲು ಬಿಟ್ಟು ಮೇಲಕ್ಕೆ ಹಾರಿತು. ವರ್ಗಮೂಲ, ಲಾಗರಿತಮ್ ಎಲ್ಲ ಸೇರಿಸಿ ಮೂರು ದಿನ ಹೊಸ ಸೂತ್ರ ಕಟ್ಟಿದೆ. ಕಸ ಗುಡಿಸಲು ಬಂದ ಹೆಂಗಸು, ಆ ಚುಕ್ಕಿ ಯಾಕೆ ಒಂಟಿಯಾಗಿದೆ ಎಂದು ಕೇಳಿದಳು. ವಿವರಿಸಿದೆ. ಆ ವಾರ ಅಳತೆ ಕಡ್ಡಿಯ ಶುರುವಿನ ತುದಿ ಮುರಿದಿತ್ತು, ಮುರಿದ ಕಡೆಯಿಂದಲೇ ಅಳೆದರು ಎಂದಳು.

"ಆ ನಾಲ್ಕಿಂಚ್ನ ನಾನೇ ಒಲೆಗ್ ಆಕ್ದೆ ಕಣವ್ವ."

೩. ಚೆಂ

ಕೊನೆಗೆ, ಎಲೆಯ ಬೆಳವಣಿಗೆಯನ್ನು ಮಳೆಯ ಜೊತೆ ಹೋಲಿಸುವ ಗ್ರಾಫ್. ಸಾಹೇಬರು ಬರುವ ಹಿಂದಿನ ದಿನ ನೋಡಿದರೆ, ಮೋಡವೇ ಇಲ್ಲದ ವಾರಗಳಲ್ಲೂ ಮಳೆ ಬಿದ್ದಿದೆ! ತೋಟದ ಕಾವಲುಗಾರನನ್ನು ಕೇಳಿದೆ. ಪಕ್ಕದ ಪಿರಿಯಾಪಟ್ಟಣದಲ್ಲಿ ಒಳ್ಳೇ ಮಳೆ ಎಂದು ಬಸ್ಸಿನವರು ಹೇಳುತ್ತಿದ್ದರಂತೆ. ನಮ್ಮದು ಸೊನ್ನೆ ಅಂತ ಬರೆಸಲು ನಾಚಿಕೆಯಾಗಿ, ಇವನು ಪ್ರತಿ ಸೋಮವಾರ ಮಳೆಮಾಪಕಕ್ಕೆ ಒಂದು ಚಿಕ್ಕ ಚೆಂಬು ನೀರು ಸುರಿಯುತ್ತಿದ್ದನಂತೆ.

ಅಳಲೂ ಸಮಯವಿರಲಿಲ್ಲ. ಅದೇ ಚೆಂಬಿನ ನೀರನ್ನು ಅಳೆದು, ಪ್ರತಿ ವಾರದ ಮಳೆಯಿಂದ ಕಳೆದು, ಸೂತ್ರದಲ್ಲಿ ಅದಕ್ಕೆ 'ಚೆಂ' ಎಂದು ಹೆಸರಿಟ್ಟೆ. ಚುಕ್ಕಿಗಳು ಸಾಲಾಗಿ ಕೂತವು.

ಸಾಹೇಬರು ಗ್ರಾಫ್ ಮೆಚ್ಚಿ, 'ಚೆಂ' ಎಂದರೇನು ಎಂದರು. ಇಲ್ಲಿಗೆ ಮಾತ್ರ ಸಲ್ಲುವ ಸ್ಥಿರಾಂಕ ಎಂದೆ, ನೆಲ ನೋಡುತ್ತಾ.

"ಖಂಡಿತ ಬದಲಾಗುವುದಿಲ್ಲವೇನಮ್ಮ?"

ಬಾಗಿಲಲ್ಲಿದ್ದ ಕಾವಲುಗಾರ ನನ್ನ ಸಹಾಯಕ್ಕೆ ಬಂದ. "ಇಲ್ಲ ಬುದ್ಧಿ, ಗಟ್ಟಿ ಇತ್ತಾಳೆ. ನಮ್ಮಜ್ಜಿ ಕಾಲದ್ ಚೆಂಬು."

ಇನ್ನೇನು, ಎಲ್ಲವನ್ನೂ ಹೇಳಿಬಿಟ್ಟೆ. ಸಾಹೇಬರು ನಕ್ಕು ನಕ್ಕು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಆಮೇಲೆ ನಮ್ಮ ಮೇಲಧಿಕಾರಿಯ ಕಡೆ ತಿರುಗಿದರು.

"ಈ ಹುಡುಗಿ ಇಲ್ಲೇ ಇರಲಿ. ಆ ಚೆಂಬನ್ನು ಮನೆಗೆ ಕಳಿಸಿ."