ಮೂರನೇ ಮಹಡಿಗೆ ಬಂದ ಉಣ್ಣಿ

ಮೂರು ಮಹಡಿ ಹತ್ತಿ ಬರುವಷ್ಟು ಪುರುಸೊತ್ತು ಯಾವ ಉಣ್ಣಿಗಿದೆ ಎಂಬುದು ಮೀಟರ್ ರೀಡರನ ವಾದ. ಅವನ ನಾಯಿ ದೊರೆ ಹೊಸಿಲು ದಾಟಿದ್ದೇ ಇಲ್ಲ, ಬಾಲ್ಕನಿಯೇ ಅದರ ಬಯಲು. ತಿಂಗಳಿಗೊಮ್ಮೆ ನಾಯಿಯ ಕತ್ತಿಗೆ ಹಾಕಬೇಕಾದ ಉಣ್ಣಿ ಔಷಧದ ಹನಿಯನ್ನು ಹೆಂಡತಿ ನೆನಪಿಸಿದಾಗಲೆಲ್ಲ ಅವನು ಇದನ್ನೇ ಹೇಳಿ ಬಾಯಿ ಮುಚ್ಚಿಸುತ್ತಿದ್ದ.

ಆ ಮಧ್ಯಾಹ್ನ ಅವನು ಊಟಕ್ಕೆಂದು ಮನೆಗೆ ಬಂದಿದ್ದ. ನೀರಿನ ವಿಷಯ ಹೇಳಲು ಬಂದ ಮನೆ ಓನರಮ್ಮನ ಮಡಿಲಲ್ಲಿ ದೊರೆ ತಲೆಯಿಟ್ಟಿತು. ಕಿವಿ ಸವರಿದ ಓನರಮ್ಮನ ಬೆರಳಿಗೆ ಅವರೆಕಾಳಿನಂಥದ್ದೊಂದು ಸಿಕ್ಕಿತು.

"ಉಣ್ಣಿ. ಸಂಜೆಯೊಳಗೆ ಎಲ್ಲಾ ಕ್ಲೀನ್ ಆಗ್ಬೇಕು. ಇಲ್ದಿದ್ರೆ ನಾಯಿ ಇಲ್ಲಿರೋ ಹಾಗಿಲ್ಲ."

ಅವನು ಊಟದ ತಟ್ಟೆ ಬಿಟ್ಟು ಎದ್ದ. ದಿನವೆಲ್ಲ ಊರ ನಾಯಿಗಳಿಂದ ಬೊಗಳಿಸಿಕೊಳ್ಳುವ ಅವನಿಗೆ, ಕಂಡೊಡನೆ ಬಾಲ ಅಲ್ಲಾಡಿಸುವ ನಾಯಿ ಎಂದರೆ ಇದೊಂದೇ.

ಸುದ್ದಿ ಕೇಳಿ ಕೆಳಗಿನ ಕ್ಷೌರದಂಗಡಿಯವನು ಮೆಷಿನ್ ಹಿಡಿದು ಬಂದ. "ಕೂದಲಿದ್ರೆ ತಾನೇ ಅಣ್ಣ, ಅಡಗಿಕೊಳ್ಳೋದು?" ಎದುರು ಮನೆಯ ನಿವೃತ್ತ ಮೇಷ್ಟ್ರು ಭೂತಗನ್ನಡಿ ತಂದರು. ಅರ್ಧ ಗಂಟೆಯಲ್ಲಿ ದೊರೆ ಸಿಪ್ಪೆ ಸುಲಿದ ಆಲೂಗಡ್ಡೆಯಾಯಿತು. ತನ್ನ ನಾಯಿಗಾಗಿ ಇಷ್ಟು ಜನ ಕೆಲಸ ಬಿಟ್ಟು ಬಂದಿದ್ದಾರಲ್ಲ ಎಂದು ಅವನು ಹೆಂಡತಿಗೆ ಎಲ್ಲರಿಗೂ ಕಾಫಿ ಮಾಡಲು ಹೇಳಿದ.

ಮೇಷ್ಟ್ರು ಕಿವಿಯಿಂದ ಬಾಲದವರೆಗೆ ಪರೀಕ್ಷಿಸಿದರು. "ಇನ್ನೊಂದೂ ಇಲ್ಲಪ್ಪ. ಹಾಗಾದ್ರೆ ಆ ಒಂದು ಬಂದಿದ್ದೆಲ್ಲಿಂದ?"

ಅಷ್ಟರಲ್ಲಿ ಓನರಮ್ಮ ಕರೆಸಿದ್ದ ಪ್ರಾಣಿ ವೈದ್ಯರು ಬಂದರು. ದೊರೆಯ ಕತ್ತಿಗೆ ಹನಿ ಹಾಕಿದರು. ಹನಿ ಚರ್ಮಕ್ಕೆ ತಾಗಲೆಂದು ಕೂದಲು ಬಿಡಿಸುವ ಕೆಲಸವೇ ಉಳಿದಿರಲಿಲ್ಲ.

"ನಾಯಿ ಹೊರಗೆ ಹೋಗಲ್ಲ ಅಂತೀರಿ. ಸರಿ. ನೀವು ಏನು ಕೆಲಸ ಮಾಡ್ತೀರಿ?"

"ಮೀಟರ್ ನೋಡೋದು ಸಾರ್. ಹಿತ್ತಲು, ಪೊದೆ, ನಾಯಿಗೂಡಿನ ಪಕ್ಕ, ಎಲ್ಲಾ ಕಡೆ ನುಗ್ಗಬೇಕು."

ವೈದ್ಯರು ಬಗ್ಗಿ ಅವನ ಪ್ಯಾಂಟಿನ ಅಂಚು ಮಡಿಚಿದರು. ಕಾಲುಚೀಲದ ಮೇಲೆ ಮೂರು ಉಣ್ಣಿಗಳು ಆರಾಮವಾಗಿ ಕೂತಿದ್ದವು.

ಕ್ಷೌರದವನು ಮೆಷಿನ್ ಎತ್ತಿಕೊಂಡು ಅವನ ಕಾಲನ್ನೇ ನೋಡತೊಡಗಿದ.

"ನಾಯಿ ಇರ್ಲಿ ಬಿಡಿ, ಪಾಪ," ಎಂದರು ಓನರಮ್ಮ. "ಇವರನ್ನ ಏನು ಮಾಡೋಣ?"

"ಅದನ್ನ ನನಗೆ ಬಿಡಿ," ಎಂದಳು ಹೆಂಡತಿ.

ಅಂದಿನಿಂದ ದೊರೆಗೆ ತಿಂಗಳಿಗೊಂದು ಸಲ ಹನಿ, ಯಜಮಾನನಿಗೆ ದಿನವೂ ತಪಾಸಣೆ. ಸಂಜೆ ಅವನು ಟವೆಲ್ ಸುತ್ತಿಕೊಂಡು ಮೆಟ್ಟಿಲ ಮೇಲೆ ನಿಲ್ಲಬೇಕು, ಮೇಷ್ಟ್ರು ಭೂತಗನ್ನಡಿಯಲ್ಲಿ ಕಾಲು ನೋಡಿ ಸೈ ಅನ್ನಬೇಕು. ಬಾಗಿಲ ಒಳಗೆ ದೊರೆ ಬಾಲ ಅಲ್ಲಾಡಿಸುತ್ತ ಕಾಯುತ್ತಿರುತ್ತದೆ. ಅದು ಉಳಿಯಿತಲ್ಲ, ತನ್ನ ಪುಣ್ಯ ಎಂದು ಅವನು ಚಳಿಗೆ ನಡುಗುತ್ತಲೇ ಎಲ್ಲರಿಗೂ ಕೈಮುಗಿಯುತ್ತಾನೆ, ಒಂದೇ ಕೈಯಲ್ಲಿ. ಇನ್ನೊಂದು ಟವೆಲ್ ಹಿಡಿದಿರುತ್ತದೆ.