ರಾಕ್ ಹಾಡಿಗೆ ಯಾವ ಹೊತ್ತು?

ನಾ ಮೆಚ್ಚಿದ ಹಾಡು ಇನ್ನೊಬ್ಬರಿಗೆ ಕೇಳಸಾಕ ಹೋದಾಗೆಲ್ಲಾ ನನ್ನ ಮರ್ಯಾದಿ ಹೋಗೇತಿ. ಆದ್ರೂ ಚಟಾ ಬಿಡವಲ್ದು. ಅದೂ ಎಲ್ಲಿ? ಹಿಂದೂಸ್ತಾನಿ ಗವಾಯಿಗಳ ಊರಾದ ಕುಂದಗೋಳದಾಗ! ಇಲ್ಲೆ ಹಿಟ್ಟಿನ ಗಿರಣಿ ಬೆಲ್ಟ್ ಸಡ್ಲಾದ್ರೂ "ಸುರ್ ಇಳೀತು ನೋಡ್ರಿ" ಅನ್ನೂ ಮಂದಿ ಅದಾರ. ಯಾರದೋ ಅಜ್ಜ ಯಾವಾಗೋ ಒಬ್ಬ ದೊಡ್ಡ ಗವಾಯಿಗೆ ಎಲಿ-ಅಡಕಿ ಕೊಟ್ಟಿದ್ನಂತ. ಅಷ್ಟರ ಮ್ಯಾಲ ಮೊಮ್ಮಗ ಇವತ್ತಿಗೂ ಸಂಗೀತದ ಬಗ್ಗೆ ತೀರ್ಪು ಕೊಡ್ತಾನ.

ನಾನು ಹೈಸ್ಕೂಲಿನ್ಯಾಗ ವಿಜ್ಞಾನದ ಟೀಚರು. ಕಾಲೇಜು ಕಲಿಯೂವಾಗ ಧಾರವಾಡದ ಹಾಸ್ಟೆಲಿನ್ಯಾಗ ನನ್ನ ಖೋಲಿಯೊಳಗ ಇದ್ದಾಕಿ ಶಿಲ್ಲಾಂಗದಾಕಿ. ಆಕಿ ನನಗ ಬ್ಲೂಸ್, ಜಾಜ್, ರಾಕಿನ ಹುಚ್ಚು ಹಿಡಿಸಿದ್ಲು, ನಾ ಆಕಿಗೆ ಶೇಂಗಾ ಚಟ್ನಿದು. ಇಬ್ರಿಗೂ ಇನ್ನೂ ಬಿಟ್ಟಿಲ್ಲ. ಮದುವ್ಯಾಗಿ ಈ ಮನಿಗೆ ಬಂದಾಗಿಂದ ನಂದು ಒಂದ ಆಸೆ: ನನ್ನ ಹಾಡು ಪಡಸಾಲ್ಯಾಗಿನ ದೊಡ್ಡ ಸ್ಪೀಕರಿನ್ಯಾಗ ಒಮ್ಮೆ ಜೋರಾಗಿ ಕೇಳಬೇಕು. ಆದ್ರ ಸ್ಪೀಕರ್ ನಮ್ಮ ಅತ್ತಿಯವರ ತಾಬೇದಾಗ. ಅವರು ಖ್ಯಾಲ್ ಗಾಯನ ಕೇಳಿಕೋತ ಬೆಳದವರು. ನಾ ಬಂದ ವಾರದಾಗ ಒಂದು ಇಯರ್‌ಫೋನ್ ಕೈಗೆ ಕೊಟ್ಟು, "ನಿಂದು ನೀ ಕೇಳ್ಕೊ ಯವ್ವಾ. ನಮ್ಮ ಕಿವಿ ಏನ ತಪ್ಪು ಮಾಡ್ಯಾವು?" ಅಂದ್ರು.

ಸ್ಟಾಫ್ ರೂಮಿನ ರಸಿಕರು

ಮನ್ಯಾಗ ಆಗ್ಲಿಲ್ಲ, ಸಾಲ್ಯಾಗರ ಕೇಳಸೋಣಂತ ಹೊಂಟೆ. ನಮ್ಮ ಮಾಸ್ತರುಗೋಳು ವಾಟ್ಸಾಪಿನ್ಯಾಗ ಸಂಗೀತದ್ದೊಂದು ಗ್ರೂಪ್ ಮಾಡಿದ್ರು. ದಿನಾ ಒಬ್ಬರು ತಮ್ಮ ಮೆಚ್ಚಿನ ಹಾಡು ಹಾಕಬೇಕು, ಉಳಿದವರು ಕೇಳಿ ಅಭಿಪ್ರಾಯ ಬರೀಬೇಕು.

ನನ್ನ ಪಾಳಿಗೆ ಒಂದು ಉದ್ದಾನ ಜಾಜ್ ಹಾಕಿದೆ. ಬರೇ ಸ್ಯಾಕ್ಸೊಫೋನ್, ಪಿಯಾನೊ, ಡ್ರಮ್. ಅದು ಪೂರಾ ಡೌನ್‌ಲೋಡ್ ಆಗೂದಕ್ಕಿಂತ ಮೊದಲ "ಅದ್ಭುತ", "ಅತ್ಯದ್ಭುತ", ಕೈ ಮುಗದಿದ್ದ ಚಿತ್ರ, ಎಲ್ಲಾ ಸಾಲಾಗಿ ಬಂದ್ವು. ಗಣಿತದ ಮಾಸ್ತರು "ಕಣ್ಣಾಗ ನೀರು ಬಂತು" ಅಂತ ಬರದ್ರು. ಅವರು ಆವಾಗ ನನ್ನ ಎದುರಿಗೇ ಕುಂತು ಮಿರ್ಚಿ ತಿನ್ನಾಕತ್ತಿದ್ರು, ಹಿಂಗಾಗಿ ನೀರಿನ ಬಗ್ಗೆ ನನಗ ಸಂಶಯ ಇಲ್ಲ. ಹೆಡ್‌ಮಾಸ್ತರು ಮಾತ್ರ ಖುದ್ದ ಬಂದು ಹೇಳಿದ್ರು: "ಟೀಚರ್, ಆ ಗಾಯಕಿ ಕಂಠ ಏನ ಮಧುರ ಐತ್ರೀ!"

"ಸರ್, ಅದರಾಗ ಯಾರೂ ಹಾಡೇ ಇಲ್ರಿ."

ಸರ್ ಚಷ್ಮಾ ತಗದು ಒರಸಿಕೊಂಡ್ರು. "ಅದಕ್ಕ ಅಷ್ಟು ಮಧುರ ಐತ್ರಿ."

ಮುಂಜಾನಿ ಬ್ಲೂಸು

ಅತ್ತಿಯವರಿಗೆ ಯಾವ ಹಾಡು ಹೇಳಿದ್ರೂ ಮೊದಲನೇ ಪ್ರಶ್ನೆ, "ಇದು ಯಾವ ಹೊತ್ತಿಂದು?" ಮುಂಜಾನಿ ರಾಗ ಮುಂಜಾನಿ, ಸಂಜಿ ರಾಗ ಸಂಜಿ. ಸಂಜಿ ರಾಗ ಮಧ್ಯಾಹ್ನ ಕಿವಿಗೆ ಬಿದ್ರ ಉಂಡ ಅನ್ನ ಅರಗೂದಿಲ್ಲಂತ.

ಒಂದು ರವಿವಾರ ರೊಟ್ಟಿ ಬಡಿಯೂವಾಗ ಧೈರ್ಯಾ ಮಾಡಿ ಫೋನಿನ್ಯಾಗ ಒಂದು ಬ್ಲೂಸ್ ಹಚ್ಚಿದೆ.

"ಏನಂತಾನ ಇಂವಾ?"

"ಮುಂಜಾನೆ ಎದ್ದು ನೋಡಿದ್ರ ಹೆಂಡ್ತಿ ಮನಿ ಬಿಟ್ಟು ಹೋಗ್ಯಾಳಂತ್ರಿ."

"ಅಯ್ಯ ಪಾಪ! ಮತ್ತ?"

"ಮತ್ತ ಅದನ್ನ ಇನ್ನೊಮ್ಮೆ ಅಂದ್ರಿ."

ಅತ್ತಿಯವರು ರೊಟ್ಟಿ ತಿರುವಿ ಹಾಕಿ, "ಮುಂಜಾನೆ ಎದ್ದು ಅಂತಾನಂದ್ರ ಇದು ಮುಂಜಾನಿ ರಾಗ. ಮುಂಜಾನಿ ಹಚ್ಚು, ಸಣ್ಣ ದನಿಲೆ" ಅಂದ್ರು. ನನಗ ಸ್ವರ್ಗ ಮೂರೇ ಗೇಣು ಅನಿಸ್ತು. ಮರುದಿನಾನೂ ಹಚ್ಚಿದೆ, ಅದರ ಮರುದಿನಾನೂ. ಅತ್ತಿಯವರ ಮಾರಿ ದಿನದಿಂದ ದಿನಕ್ಕ ಕೆಂಪಾಗಾಕತ್ತು. ಕಡೀಕೊಮ್ಮೆ ಹಿಟ್ಟು ನಾದೂ ಕೊಣಮಿಗಿ ಧಡ್ ಅಂತ ಬಾರಿಸಿದ್ರು. "ಇವತ್ತೂ ಬಂದಿಲ್ಲೇನ ಆಕಿ? ದಿನಾ ಕುಂತು ಅಳೂದ ಬಿಟ್ಟು ತವರಮನಿಗೆ ಹೋಗಿ ಕರಕೊಂಡ ಬರಾಕ ಏನ ಧಾಡಿ ಇವಂಗ? ಬಂದ್ ಮಾಡು. ಆಕಿ ಬಂದ ಮ್ಯಾಲ ಹಚ್ಚು."

ಆಕಿ ಇನ್ನೂ ಬಂದಿಲ್ಲ.

ಎತ್ತಿದ ಕೈ

ನಮ್ಮ ಬಾಜೂ ಮನಿ ಕಾಕಾ ರಿಟೈರ್ಡ್ ಬ್ಯಾಂಕ್ ಮ್ಯಾನೇಜರು. ದಿನಾ ಸಂಜಿಗೆ ಬಂದು ಪಡಸಾಲ್ಯಾಗ ಕುಂತು ಅತ್ತಿಯವರ ಖ್ಯಾಲ್ ಕೇಳ್ತಾರ. ಅವರ ಹೆಚ್ಚುಗಾರಿಕಿ ಸಮ್ ಹಿಡಿಯೂದು. ಸಮ್ ಅಂದ್ರ ತಾಳದ ಮೊದಲನೇ ಪೆಟ್ಟು. ಅದು ಬರೂ ಹೊತ್ತಿಗೆ ಕೈ ಎತ್ತಿ, ಬಂದ ಕೂಡ್ಲೆ ತೊಡಿ ಮ್ಯಾಲ ಧಪ್ ಅಂತ ಬಡದು "ವಾಹ್" ಅಂತಾರ.

ಅತ್ತಿಯವರು ಒಂದು ಕರಾರ ಮಾಡಿದ್ರು: "ಮ್ಯಾನೇಜರು ಅಗದಿ ತಿಳದವರು. ಅವರು ನಿಂದು ಛಲೋ ಐತಿ ಅಂದ್ರ ಸ್ಪೀಕರಿಗೆ ಹಚ್ಚು. ನಾ ಬ್ಯಾಡ ಅನ್ನೂದಿಲ್ಲ."

ನಾ ಹುರುಪಿನಿಂದ ಫೋನಿನ್ಯಾಗ ಜಾಜ್ ಹಚ್ಚಿದೆ. ಕಾಕಾ ಕಣ್ಣು ಮುಚ್ಚಿ ಕೈ ಎತ್ತಿದ್ರು. ಡ್ರಮ್ಮಿನಾಂವ ಏನೇನೋ ಬಾರಿಸಿದ, ಆದ್ರ ಕಾಕಾನ ಕೈ ಇಳೀಲಿಲ್ಲ. ಚಾ ತಂದಿಟ್ಟೆ.

"ಕಾಕಾ, ಚಾ ಆರಾಕತ್ತೇತ್ರಿ."

"ತಡೀವಾ, ಸಮ್ ಬಂದಿಲ್ಲ."

ಚಾದ ಮ್ಯಾಲ ಕೆನಿ ಕಟ್ತು. ಹಾಡು ಮುಗೀತು. ಕೈ ಇನ್ನೂ ಮ್ಯಾಲ. ಅಷ್ಟರಾಗ ನಮ್ಮ ಮನಿಯವ್ರು ಬಂದು, "ಯಾಕ್ರಿ ಕಾಕಾ, ಆಣಿ ಮಾಡಾಕತ್ತೀರೇನು?" ಅಂದ್ರು. ಕಾಕಾ ಕೈ ಇಳಿಸಿ, ತಣ್ಣಗಾದ ಚಾ ಒಂದ ಗುಟುಕಿಗೆ ಕುಡದು, ತೀರ್ಪು ಕೊಟ್ಟರು: "ಇಂವ ಸಮ್ ಮನ್ಯಾಗ ಬಿಟ್ಟು ಬಾರಿಸಾಕ ಬಂದಾನವಾ."

ಎಬ್ಬಸೂ ರಾಗ

ನಮ್ಮ ಕಡೆ ಮನಿಗೆ ಬಂದವರಿಗೆ "ಏಳ್ರಿ" ಅನ್ನೂ ರೂಢಿ ಇಲ್ಲ. ಅವರು "ಬರ್ತೀನ್ರಿ" ಅಂದ್ರ, ನಾವು "ಕೂಡ್ರಿ, ಚಾ ಕುಡದು ಹೋಗ್ರಿ" ಅನ್ನಬೇಕು. ಕಾಕಾ ಆ ಮಾತಿಗೇ ಕಾಯ್ಕೊಂಡಿರ್ತಾರ, ಅಂದ ಕೂಡ್ಲೆ ಕುಂತ ಬಿಡ್ತಾರ.

ಒಂದು ಸಂಜಿ ಅತ್ತಿಯವರು ಮಠದ ಭಜನಿಗೆ ಹೋಗಬೇಕಾಗಿತ್ತು. ಇಲಕಲ್ ಸೀರಿ ಉಟ್ಟು ತಯಾರಾಗಿದ್ರು. ಕಾಕಾ ಮೂರನೇ ಚಾದ ಮ್ಯಾಲ ಇದ್ರು. ಅತ್ತಿಯವರು ಅಡಗಿಮನಿಗೆ ಬಂದು ನನ್ನ ಕಿವ್ಯಾಗ ಹೇಳಿದ್ರು: "ಏನಬೇ, ನಿಂದು ಆ ರಾಕ್ ಐತೆಲ್ಲಾ, ಹಚ್ಚು."

"ಫೋನಿನ್ಯಾಗೇನ್ರಿ?"

"ಸ್ಪೀಕರಿನ್ಯಾಗ! ಪೂರಾ ಜೋರ್ ಮಾಡು."

"ಅತ್ತೀ, ಅದು ಯಾವ ಹೊತ್ತಿಂದ್ರಿ?"

"ಮಂದಿ ಎಬ್ಬಸೂ ಹೊತ್ತಿಂದು. ಹಚ್ಚತೀಯೋ ಇಲ್ಲೋ?"

ನಾ ಓಡಿ ಹೋಗಿ ಫೋನ್ ಸ್ಪೀಕರಿಗೆ ಜೋಡಿಸಿದೆ. ಹಚ್ಚಿದೆ. ಗಿಟಾರ್ ಶುರುವಾದ ಕೂಡ್ಲೆ ಕಪಾಟಿನ್ಯಾಗಿನ ಸ್ಟೀಲ್ ವಾಟಗಾ ಝಣಝಣ ಅಂದ್ವು. ಕಟ್ಟಿ ಮ್ಯಾಲ ಮಲಗಿದ್ದ ನಾಯಿ ಎದ್ದು ಓಡ್ತು. ಕಾಕಾ ಕುರ್ಚಿಯಿಂದ ಅರ್ಧಾ ಎದ್ರು. ಅತ್ತಿಯವರು ಬಾಗಲ ಕಡೆ ನಡದು ಒಂದು ಕಾಲು ಚಪ್ಪಲಿಗೆ ಹಾಕಿದ್ರು.

ಅಷ್ಟರಾಗ ಡ್ರಮ್ಮು ಶುರುವಾತು. ಕಾಕಾನ ಕೈ ಮ್ಯಾಲ ಹೋತು, ಧಪ್ ಅಂತ ತೊಡಿ ಮ್ಯಾಲ ಬಿತ್ತು. ಮತ್ತ ಹೋತು, ಮತ್ತ ಬಿತ್ತು.

"ಸಿಕ್ತು!" ಅಂತ ಕಾಕಾ ಒದರಿದ್ರು. "ಸಮ್ ಸಿಕ್ತವಾ! ಹುಡಕೂದ ಬ್ಯಾಡ, ತಾನಾಗಿ ಬಂದು ಬೀಳತೈತಿ! ವಾಹ್! ಭಾಳ ಛಲೋ ಐತಿ!" ಅಂತ ಮತ್ತ ಕುರ್ಚ್ಯಾಗ ಕುಂತ್ರು. "ಇನ್ನೊಂದು ಹಚ್ಚು. ಹಂಗ ಒಂದ ಕಪ್ ಚಾ ಮಾಡವಾ."

ಛಲೋ ಐತಿ ಅಂದ್ರಲ್ಲಾ, ಕರಾರ ಕರಾರನ. ಅತ್ತಿಯವರು ಚಪ್ಪಲಿಯಿಂದ ಕಾಲು ತಗದ್ರು. ಭಜನಿ ತಪ್ತು.

ಈಗ ಕಾಕಾ ದಿನಾ ರಾಕ್ ಕೇಳಾಕ ಬರ್ತಾರ, ಪೆನ್ಶನ್ ಗೆಳೆಯರನ್ನೂ ಕರಕೊಂಡು. ಎಲ್ಲಾರೂ ಕೂಡಿ ತೊಡಿ ಬಡಕೋತಾರ. ನಾ ಅವರ ನಡುವ ಕುಂತು ನನ್ನ ಹಾಡು ಕೇಳ್ತೀನಿ, ಪೂರಾ ಜೋರಾಗಿ. ಇದಕ್ಕಿಂತ ಸುಖ ನನಗ ಬೇಕಾಗಿಲ್ಲ.

ನಿನ್ನೆ ಸಂಜಿ ಅತ್ತಿಯವರು ನನ್ನ ಅಡಗಿಮನಿಗೆ ಕರದ್ರು. ಅವರ ಕೈಯಾಗ ನನ್ನ ಹಳೇ ಇಯರ್‌ಫೋನ್ ಇತ್ತು.

"ಏ ಯವ್ವಾ," ಅಂದ್ರು, "ಇದನ್ನ ಕಿವ್ಯಾಗ ಹ್ಯಾಂಗ ಹಾಕೋಬೇಕು, ಸ್ವಲ್ಪ ತೋರಸು."